ಚೆಕ್‌ಔಟ್ ಆದ ಮೇಲಿನ ಗೋಕರ್ಣ

ಗೋಕರ್ಣದ ಲಾಡ್ಜುಗಳಲ್ಲಿ ಭಾನುವಾರ ಹತ್ತು-ಹನ್ನೊಂದಕ್ಕೆಲ್ಲ ರೂಮು ಬಿಡಬೇಕು. ಬೆಂಗಳೂರಿನ ಸ್ಲೀಪರ್ ಬಸ್ಸು ಹೊರಡುವುದು ಕತ್ತಲಾಗುವ ಹೊತ್ತಿಗೆ. ನಡುವಿನ ತಾಸುಗಳನ್ನು ಏನು ಮಾಡುವುದೆಂದು ತಿಳಿಯದೆ ಜನ ರಥಬೀದಿಯಲ್ಲಿ ಬ್ಯಾಗು ಹೊತ್ತು ಅಲೆಯುತ್ತಾರೆ. ಇನ್ನು ಕೆಲವರು ಕುಡ್ಲೆ ತೀರದ ಕೆಫೆಯಲ್ಲಿ ಒಂದು ಶರಬತ್ತು ಹೇಳಿ, ಮೊಬೈಲನ್ನು ಚಾರ್ಜಿಗೆ ಹಾಕಿ ಕೂರುತ್ತಾರೆ. ಮನಸ್ಸು ಆಗಲೇ ಸೋಮವಾರದ ಮೀಟಿಂಗಿಗೆ ಹೋಗಿ ಕೂತಿರುತ್ತದೆ. ನನ್ನನ್ನು ಕೇಳಿದರೆ ಊರು ನೋಡಲು ಇದೇ ಒಳ್ಳೆಯ ಹೊತ್ತು. ಓಂ ಬೀಚು ಮುಗಿದಿದೆ, ಮಹಾಬಲೇಶ್ವರನ ದರ್ಶನ ಆಗಿದೆ, ಪಟ್ಟಿಯಲ್ಲಿ ಏನೂ ಉಳಿದಿಲ್ಲ.

ಬ್ಯಾಗನ್ನು ಲಾಡ್ಜಿನವರ ಬಳಿಯೇ ಇಟ್ಟು, ರಿಕ್ಷಾ ಹಿಡಿದು ಸಾಣಿಕಟ್ಟಾಕ್ಕೆ ಹೋಗಿ. ಬೇಸಿಗೆಯಾದರೆ ಉಪ್ಪಿನ ಆಗರಗಳಲ್ಲಿ ಕೆಲಸ ನಡೆದಿರುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಭರತ ಏರಿದಾಗ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ ಇನ್ನಷ್ಟು ಉಪ್ಪಾಗುತ್ತದೆ. ಕೊನೆಗೆ, ತುಳಿದು ಹದಮಾಡಿದ ಮಣ್ಣಿನ ಚೌಕಗಳಲ್ಲಿ ತೆಳ್ಳಗೆ ನಿಲ್ಲಿಸುತ್ತಾರೆ. ಹರಳು ಕಟ್ಟಿದ್ದನ್ನು ಉದ್ದ ಕೋಲಿನ ಮರದ ಹಲಗೆಯಿಂದ ಬದಿಗೆಳೆದು ರಾಶಿ ಮಾಡುತ್ತಾರೆ. ಹತ್ತಿರ ಹೋಗಿ ನೋಡಿ: ಅಚ್ಚ ಬಿಳಿಯಲ್ಲ, ಮಣ್ಣಿನ ಬೂದು ಛಾಯೆ ಇರುತ್ತದೆ, ಹರಳುಗಳೂ ಒಂದೇ ಸಮ ಇರುವುದಿಲ್ಲ. ಮುಂಗಾರು ಬಿದ್ದರೆ ಆ ವರ್ಷದ ಕೆಲಸ ಮುಗಿಯಿತು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತಲ್ಲ, ಉಪ್ಪು ಈ ಸೀಮೆಯವರಿಗೆ ಬರೀ ಘೋಷಣೆಯಾಗಿರಲಿಲ್ಲ, ಕಸುಬೂ ಆಗಿತ್ತು.

ಹೊತ್ತು ಉಳಿದರೆ ತದಡಿ ಬಂದರು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ಅಘನಾಶಿನಿ ಎಂಬ ಊರೇ ಇದೆ. ವಾಪಸು ಬರುವ ದೋಣಿಯ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ರೈಲಿಗೆ ಹೋಗುವವರಿಗೂ ಒಂದು ಮಾತು: ಗೋಕರ್ಣ ರೋಡ್ ಸ್ಟೇಷನ್ ಇರುವುದು ಊರಿನಿಂದ ಹತ್ತು ಕಿಲೋಮೀಟರ್ ಆಚೆ. ಹೆಸರು ನೋಡಿ ನಡೆದೇ ಹೋಗಬಹುದು ಅಂದುಕೊಳ್ಳಬೇಡಿ.

ಸ್ವಂತ ಕಾರಿನವರಿಗೆ ಇನ್ನೊಂದು ಅನುಕೂಲ. ಕುಮಟಾ ದಾಟಿ ಹೊನ್ನಾವರದ ಕಡೆ ತಿರುಗಿಕೊಂಡರೆ, ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿರುತ್ತಾರೆ. ಒಣಗಿದ ದಂಟನ್ನೇ ಜಡೆಯಂತೆ ಹೆಣೆದ ಗೊಂಚಲು. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಹಸಿಯಾಗಿಯೇ ತಿನ್ನಬಹುದು, ಕಣ್ಣಲ್ಲಿ ನೀರು ತರಿಸುವ ಘಾಟು ಕಡಿಮೆ. ಅಡುಗೆಮನೆಯಲ್ಲಿ ಗಾಳಿಯಾಡುವಂತೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಚೌಕಾಸಿ ಮಾಡುವುದು ನಿಮ್ಮಿಷ್ಟ. ಹುರಿಬಿಸಿಲಲ್ಲಿ ಬೆಳಗಿನಿಂದ ಕೂತವರ ಜೊತೆ ನಾನಂತೂ ಮಾಡುವುದಿಲ್ಲ. ಘಟ್ಟ ಹತ್ತುವಾಗ ಹಿಂದಿನ ಸೀಟಿನವರು ವಾಸನೆ ಎಂದು ಗೊಣಗುತ್ತಾರೆ. ಅದೇ ಜನ ಬುಧವಾರ ಫೋನು ಮಾಡಿ, ಎರಡು ಗೊಂಚಲು ತಂದಿದ್ದೆಯಲ್ಲ, ಒಂದು ನಮಗೆ ಕೊಡು ಅನ್ನುತ್ತಾರೆ.