ನಿಲ್ಲಲು ಒಪ್ಪದ ಸರ್ವರ್

ಬೋವಿಕಾನದ ಶಾಲೆಯಲ್ಲಿ ನೀವು ಕಂಪ್ಯೂಟರಿನ ಮುಂದೆ ಕುಳಿತು ಒಂದು ಜಾಲತಾಣದ ಹೆಸರನ್ನು ಬರೆಯುತ್ತೀರಿ. ಆದರೆ ಕಂಪ್ಯೂಟರಿಗೆ ಬೇಕಾದುದು ಹೆಸರಲ್ಲ, ಅಂಕೆಗಳ ವಿಳಾಸ. ಹೆಸರು ಕೇಳಿ ವಿಳಾಸ ಹೇಳುವುದೇ ಡಿ.ಎನ್.ಎಸ್. ಸರ್ವರ್. ಈ ಏರ್ಪಾಡನ್ನು 1983ರಲ್ಲಿ ಅಮೇರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅದು ಕೆಟ್ಟರೆ ಜಾಲತಾಣ ಸರಿಯಾಗಿದ್ದರೂ ನಿಮಗೆ ತೆರೆಯದು!

ಕೆಲವೊಮ್ಮೆ ಈ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕಾಗುತ್ತದೆ. "ನಿಲ್ಲು" ಎಂದರೂ ಅದು ನಿಲ್ಲದು. ಏಕೆ ಗೊತ್ತೇ?

ಲಿನಕ್ಸಿನಲ್ಲಿ ಓಡುವ ಪ್ರತಿಯೊಂದು ಕೆಲಸಕ್ಕೂ ಒಂದು ಸಂಖ್ಯೆಯಿದೆ, ನಿಮ್ಮ ಹಾಜರಿ ಸಂಖ್ಯೆಯಂತೆ. ಸರ್ವರ್ ತನ್ನ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತ ಅಳಿದರೆ ಅಥವಾ ಅದರಲ್ಲಿ ಹಳೆಯ ಸಂಖ್ಯೆ ಉಳಿದಿದ್ದರೆ ಆಜ್ಞೆ ಸರ್ವರನ್ನು ತಲುಪದಿರಬಹುದು. ಹಳೆಯ ಸರ್ವರ್ 53ನೆಯ ಪೋರ್ಟ್ ಎಂಬ ಬಾಗಿಲಲ್ಲೇ ಕುಳಿತಿರುತ್ತದೆ. ಹೊಸದಕ್ಕೆ ಜಾಗವೆಲ್ಲಿ? "ವಿಳಾಸ ಆಗಲೇ ಬಳಕೆಯಲ್ಲಿದೆ" ಎಂದು ಅದು ದೂರುತ್ತದೆ.

ಹಾಗಾದರೆ ಮೊದಲು ಆ ಬಾಗಿಲಲ್ಲಿ ಯಾರಿದ್ದಾರೆಂದು ನೋಡಬೇಕು. ಸಿಕ್ಕಿದ ಸಂಖ್ಯೆಗೆ ಮೆಲ್ಲನೆ "ಮುಗಿಸು" ಎಂಬ ಸೂಚನೆ ಕೊಡಬೇಕು. ಕೇಳದಿದ್ದರೆ ಮಾತ್ರ ಬಲವಂತ. ಆತುರಪಟ್ಟರೆ ಬರೆಯುತ್ತಿದ್ದ ಹೆಸರುಗಳ ಪಟ್ಟಿ ಅರ್ಧಕ್ಕೇ ನಿಲ್ಲಬಹುದು. ಆಮೇಲೆ ಪಟ್ಟಿಯನ್ನು ಪರೀಕ್ಷಿಸಬೇಕು. ಸಂರಚನಾ ಕಡತದಲ್ಲಿ ಒಂದು ಅರ್ಧವಿರಾಮ ತಪ್ಪಿದರೂ ಸರ್ವರ್ ಏಳದಿರಬಹುದು. ಎಲ್ಲ ಸರಿಯಿದ್ದರೆ ಅದನ್ನು ಆರಂಭಿಸಿ, ಒಂದು ಹೆಸರು ಕೇಳಿ ನೋಡುತ್ತಾರೆ. ವಿಳಾಸ ಬಂದರೆ ಕೆಲಸ ಮುಗಿಯಿತು.