ಬೆಳಕಿನ ತೂಬುಗಳು: ಮಿತವಾದ ಹಣದಲ್ಲಿ ಮಾನಿಟರಿನ ಆಯ್ಕೆ

ಕನ್ನಂಬಾಡಿಯ ಕಟ್ಟೆಯನ್ನು ನೋಡಿದವರಿಗೆ ತೂಬು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡಿ ನಿಂತಿರುವ ಆ ಜಲರಾಶಿಯನ್ನು ತೂಬಿನ ಬಾಗಿಲು ಸೃಷ್ಟಿಸುವುದಿಲ್ಲ. ಎಷ್ಟು ನೀರು ಹೊರಗೆ ಹರಿಯಬೇಕೆಂಬುದನ್ನು ಮಾತ್ರ ಅದು ನಿರ್ಣಯಿಸುತ್ತದೆ. ಕಂಪ್ಯೂಟರಿನ ಚಪ್ಪಟೆ ಪರದೆಯೂ ಇಂತಹುದೇ ಒಂದು ವ್ಯವಸ್ಥೆ. ಅದರ ಹಿಂಬದಿಯಲ್ಲಿ ಬೆಳಕಿನ ಒಂದು ಜಲಾಶಯ. ಮುಂಬದಿಯಲ್ಲಿ ಲಕ್ಷೋಪಲಕ್ಷ ಸೂಕ್ಷ್ಮವಾದ ತೂಬುಗಳು. ಈ ಹೋಲಿಕೆಯನ್ನು ನೆನಪಿನಲ್ಲಿಟ್ಟುಕೊಂಡರೆ ಅಂಗಡಿಯ ಜಾಹೀರಾತಿನಲ್ಲಿ ಕಾಣುವ ಅಂಕೆಗಳ ಪೈಕಿ ಯಾವುದು ಸಾರ, ಯಾವುದು ಹೊಟ್ಟು ಎಂಬುದನ್ನು ನಾವೇ ಬೇರ್ಪಡಿಸಿಕೊಳ್ಳಬಹುದು.

ಇದು ಕೇವಲ ಕುತೂಹಲದ ಮಾತಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸುತ್ತಿನ ಹಳ್ಳಿಗಳಲ್ಲಿ ಕಬ್ಬಿನ ಹಣವೋ ಭತ್ತದ ಹಣವೋ ಕೈಸೇರಿದಾಗ, ಕಾಲೇಜಿಗೆ ಹೋಗುವ ಮಗಳಿಗೆ ಅಥವಾ ಮಗನಿಗೆ ಒಂದು ಕಂಪ್ಯೂಟರನ್ನು ಕೊಡಿಸಬೇಕೆಂದು ಹಿರಿಯರು ಯೋಚಿಸುವುದುಂಟು. ಪರದೆಗೆಂದು ಹತ್ತು ಸಾವಿರ ರೂಪಾಯಿಯನ್ನು ಮಾತ್ರ ತೆಗೆದಿಡಬಲ್ಲರು ಎಂದಿಟ್ಟುಕೊಳ್ಳೋಣ. ಒಮ್ಮೆ ಕೊಂಡ ಮಾನಿಟರು ಏಳೆಂಟು ವರ್ಷಗಳ ಕಾಲ ಮನೆಯಲ್ಲಿರುವ ವಸ್ತು. ದಿನಕ್ಕೆ ನಾಲ್ಕೈದು ಗಂಟೆ ಎಳೆಯ ಕಣ್ಣುಗಳು ಅದನ್ನೇ ದಿಟ್ಟಿಸುತ್ತಿರುತ್ತವೆ. ಆಯ್ಕೆ ತಪ್ಪಿದರೆ ಹಣದೊಡನೆ ಕಣ್ಣಿನ ನೆಮ್ಮದಿಯೂ ಹೋಗುವುದು.

ತೂಬು ಕೆಲಸ ಮಾಡುವ ಬಗೆ

ಬೆಳಕು ಅಲೆಯ ರೂಪದಲ್ಲಿ ಚಲಿಸುತ್ತದೆ. ಸಾಮಾನ್ಯ ಬೆಳಕಿನಲ್ಲಿ ಕಂಪನಗಳು ಎಲ್ಲ ದಿಕ್ಕುಗಳಲ್ಲಿಯೂ ಇರುತ್ತವೆ. ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಒಂದು ಹಗ್ಗವನ್ನು ತೂರಿಸಿ ಅಲ್ಲಾಡಿಸಿದರೆ, ಮೇಲೆ ಕೆಳಗೆ ಆಡುವ ಅಲೆ ಮಾತ್ರ ದಾಟಿಹೋಗುತ್ತದೆ. ಅಡ್ಡಲಾಗಿ ಆಡುವ ಅಲೆ ಸರಳಿಗೆ ಬಡಿದು ನಿಲ್ಲುತ್ತದೆ. ಧ್ರುವೀಕಾರಕ ಎಂಬ ತೆಳ್ಳನೆಯ ಹಾಳೆ ಬೆಳಕಿಗೆ ಇಂತಹುದೇ ಕಿಟಕಿ. ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡಲಾಗಿ ಇಟ್ಟರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದನ್ನು ದಾಟಲಾರದು, ಕತ್ತಲೆಯೇ ಕಾಣುತ್ತದೆ.

ಈ ಎರಡು ಹಾಳೆಗಳ ನಡುವೆ ದ್ರವಸ್ಫಟಿಕವೆಂಬ ವಿಚಿತ್ರ ವಸ್ತುವನ್ನು ತುಂಬಲಾಗುತ್ತದೆ. ೧೮೮೮ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಇದನ್ನು ಮೊದಲು ಗಮನಿಸಿದನು. ಅವನು ಪರೀಕ್ಷಿಸುತ್ತಿದ್ದ ಪದಾರ್ಥ ಒಂದು ಉಷ್ಣತೆಯಲ್ಲಿ ಕರಗಿ ಮಬ್ಬಾದ ದ್ರವವಾಗಿ, ಇನ್ನೂ ಹೆಚ್ಚಿನ ಉಷ್ಣತೆಯಲ್ಲಿ ತಿಳಿಯಾಯಿತು. ಆ ಮಬ್ಬು ಸ್ಥಿತಿಯಲ್ಲಿ ಅದು ದ್ರವದಂತೆ ಹರಿಯುತ್ತಿದ್ದರೂ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಕ್ರಮಕ್ಕೆ ಒಳಪಟ್ಟಿದ್ದವು. ಕಡ್ಡಿಯಂತಹ ಈ ಅಣುಗಳನ್ನು ತಿರುಚಿದ ಮೆಟ್ಟಿಲಿನಂತೆ ಜೋಡಿಸಿದರೆ, ಅವು ತಮ್ಮೊಡನೆ ಬೆಳಕಿನ ಕಂಪನದ ದಿಕ್ಕನ್ನೂ ತಿರುಗಿಸುತ್ತವೆ. ಆಗ ಬೆಳಕು ಎರಡನೆಯ ಹಾಳೆಯನ್ನೂ ದಾಟುತ್ತದೆ: ತೂಬು ತೆರೆದಿದೆ. ವಿದ್ಯುತ್ತಿನ ಒತ್ತಡವನ್ನು ಹಾಕಿದೊಡನೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಚು ಅಳಿಯುತ್ತದೆ, ತೂಬು ಮುಚ್ಚುತ್ತದೆ. ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ಅರ್ಧ, ಕಾಲು ಎಂದು ಬೇಕಾದಷ್ಟು ತೆರೆಯಬಹುದು. ೧೯೭೦ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್‌ಫ್ರಿಕ್ ಎಂಬುವರು ರೂಪಿಸಿದ ಈ ವಿಧಾನಕ್ಕೆ ‘ತಿರುಚಿದ ನೆಮ್ಯಾಟಿಕ್’ ಅಥವಾ ಟಿ.ಎನ್. ಎಂದು ಹೆಸರು.

ಒಂದು ಚಿತ್ರಬಿಂದುವಿಗೆ ಕೆಂಪು, ಹಸಿರು, ನೀಲಿ ಸೋಸುಕಗಳುಳ್ಳ ಮೂರು ತೂಬುಗಳಿರುತ್ತವೆ. ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುವ ಪರದೆಯಲ್ಲಿ ಒಟ್ಟು ೨೦,೭೩,೬೦೦ ಬಿಂದುಗಳು, ತೂಬುಗಳು ೬೨,೨೦,೮೦೦.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಎಲ್.ಇ.ಡಿ. ಮಾನಿಟರ್’ ಎಂದು ಮಾರುವ ಪರದೆ ಸಾಮಾನ್ಯವಾಗಿ ದ್ರವಸ್ಫಟಿಕದ ಪರದೆಯೇ. ಹಿಂದೆ ಬೆಳಕಿಗಾಗಿ ಪಾದರಸವುಳ್ಳ ತೆಳುವಾದ ಕೊಳವೆದೀಪಗಳನ್ನು ಬಳಸುತ್ತಿದ್ದರು. ಈಗ ಆ ಸ್ಥಾನದಲ್ಲಿ ಎಲ್.ಇ.ಡಿ. ದೀಪಗಳಿವೆ. ಇವು ನೀಲಿ ದೀಪದ ಮೇಲೆ ಹಳದಿಯ ಬೆಳಕನ್ನು ಕೊಡುವ ಲೇಪವನ್ನು ಬಳಿದು ಮಾಡಿದ ಬಿಳಿಯ ದೀಪಗಳು. ಆ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹೀಗಿರುವಲ್ಲಿ ‘ಎಲ್.ಸಿ.ಡಿ. ಬೇಡ, ಎಲ್.ಇ.ಡಿ. ಬೇಕು’ ಎಂದು ಹೊಸ ಮಾನಿಟರುಗಳ ನಡುವೆ ಭೇದವೆಣಿಸುವುದು ನಿರರ್ಥಕ.

ನಮ್ಮ ನಾಡಿನ ಕೊಡುಗೆ

ಟಿ.ಎನ್. ಪರದೆಗೆ ಒಂದು ದೋಷವುಂಟು. ನೇರವಾಗಿ ನೋಡಿದರೆ ಸರಿಯಾಗಿರುವ ಚಿತ್ರ ಕೆಳಗಿನಿಂದ ನೋಡಿದರೆ ಕಪ್ಪಿಡುತ್ತದೆ, ಮೇಲಿನಿಂದ ನೋಡಿದರೆ ಬಿಳಿಚಿಕೊಳ್ಳುತ್ತದೆ. ಈ ದೋಷವನ್ನು ತಗ್ಗಿಸುವುದರಲ್ಲಿ ಕರ್ನಾಟಕದ ಪ್ರಯೋಗಶಾಲೆಯೊಂದರ ಪಾತ್ರವಿದೆಯೆಂಬುದು ವಿದ್ಯಾರ್ಥಿಗಳಿಗೆ ಹೆಮ್ಮೆಯ ವಿಷಯ. ೧೯೬೧ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ೧೯೭೭ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡಗೂಡಿ, ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ೧೯೯೦ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯವರು ಬಿಲ್ಲೆಯಣುಗಳ ಲೇಪವುಳ್ಳ ಒಂದು ಹಾಳೆಯನ್ನು ತಯಾರಿಸಿದರು. ಅದನ್ನು ಅಂಟಿಸಿದ ಟಿ.ಎನ್. ಪರದೆಯನ್ನು ಹೆಚ್ಚು ಓರೆಯಿಂದ ನೋಡಲು ಸಾಧ್ಯವಾಯಿತು.

ಆದರೂ ದೋಷ ಪೂರ್ತಿ ನೀಗಲಿಲ್ಲ. ಅಣುಗಳನ್ನು ನೆಟ್ಟಗೆ ನಿಲ್ಲಿಸದೆ, ಗಾಜಿನ ಮೈಗೆ ಸಮಾಂತರವಾಗಿಯೇ ತಿರುಗಿಸುವ ಐ.ಪಿ.ಎಸ್. ಎಂಬ ಬಗೆಯಲ್ಲಿ ಬಣ್ಣ ಓರೆಯಿಂದಲೂ ಬಹಳ ಕೆಡುವುದಿಲ್ಲ. ವಿ.ಎ. ಎಂಬ ಮೂರನೆಯ ಬಗೆಯಲ್ಲಿ ಅಣುಗಳು ಮೊದಲೇ ಲಂಬವಾಗಿ ನಿಂತಿರುತ್ತವೆ. ಕಪ್ಪು ಹೆಚ್ಚು ಗಾಢವಾಗಿರುತ್ತದೆ. ತೂಬನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ನೀರು ಜಿನುಗುವುದಿಲ್ಲವೆ? ಪರದೆಯಲ್ಲಿಯೂ ಹಾಗೆಯೇ. ಪೂರ್ಣ ಬಿಳಿಗೂ ಪೂರ್ಣ ಕಪ್ಪಿಗೂ ಇರುವ ಬೆಳಕಿನ ಅನುಪಾತ ಐ.ಪಿ.ಎಸ್.ನಲ್ಲಿ ಸುಮಾರು ಸಾವಿರಕ್ಕೆ ಒಂದು, ವಿ.ಎ.ಯಲ್ಲಿ ಸುಮಾರು ಮೂರು ಸಾವಿರಕ್ಕೆ ಒಂದು. ಪೆಟ್ಟಿಗೆಯ ಮೇಲೆ ‘ಕೋಟಿಗೆ ಒಂದು’ ಎಂದು ಅಚ್ಚಾಗಿದ್ದರೆ ಮರುಳಾಗಬಾರದು. ಅದು ಕತ್ತಲೆಯ ದೃಶ್ಯ ಬಂದಾಗ ಹಿಂದಿನ ದೀಪವನ್ನೇ ತಗ್ಗಿಸಿ ಪಡೆದ ಲೆಕ್ಕ. ಜಲಾಶಯವನ್ನು ಬರಿದುಮಾಡಿ ತೂಬು ಸೋರುವುದಿಲ್ಲವೆಂದು ಹೇಳಿದಂತೆ. ಓದುಬರಹಕ್ಕೆ, ಮನೆಯ ನಾಲ್ಕು ಜನ ಕೂಡಿ ನೋಡುವುದಕ್ಕೆ ಐ.ಪಿ.ಎಸ್. ಬಗೆಯೇ ಅನುಕೂಲವೆಂದು ನಮ್ಮ ಅಭಿಪ್ರಾಯ.

ಕನ್ನಡದ ಅಕ್ಷರವೇ ಪರೀಕ್ಷಕ

ಜನರು ಸಾಮಾನ್ಯವಾಗಿ ಪರದೆಯ ಅಳತೆಯನ್ನು ಮೊದಲು ಕೇಳುತ್ತಾರೆ. ಕೇಳಬೇಕಾದುದು ಬಿಂದುವಿನ ಅಳತೆ. ೧೯೨೦ಕ್ಕೆ ೧೦೮೦ರ ಪರದೆ ೨೧.೫ ಅಂಗುಲದ್ದಾದರೆ ಒಂದು ಬಿಂದುವಿನ ಅಗಲ ಸುಮಾರು ೦.೨೫ ಮಿಲಿಮೀಟರು, ೨೩.೮ ಅಂಗುಲದ್ದಾದರೆ ೦.೨೭, ೨೭ ಅಂಗುಲದ್ದಾದರೆ ೦.೩೧. ಪರದೆ ದೊಡ್ಡದಾದಂತೆ ಬಿಂದುಗಳ ಸಂಖ್ಯೆ ಹೆಚ್ಚುವುದಿಲ್ಲ. ಅದೇ ಬಿಂದುಗಳು ಉಬ್ಬುತ್ತವೆ, ಅಷ್ಟೆ. ಇನ್ನು ಕಡಿಮೆ ಬೆಲೆಗೆ ದೊರೆಯುವುದೆಂದು ೩೨ ಅಂಗುಲದ ಟೆಲಿವಿಷನ್ನನ್ನೇ ಕಂಪ್ಯೂಟರಿಗೆ ಜೋಡಿಸುವವರುಂಟು. ಈ ಅಳತೆಯ ಅಗ್ಗದ ಟೆಲಿವಿಷನ್ನುಗಳಲ್ಲಿ ಅನೇಕವು ೧೩೬೬ಕ್ಕೆ ೭೬೮ ಬಿಂದುಗಳವು. ಅಲ್ಲಿ ಒಂದು ಬಿಂದುವಿನ ಅಗಲ ಅರ್ಧ ಮಿಲಿಮೀಟರಿಗೂ ಮಿಕ್ಕಿದ್ದು.

ಆರೋಗ್ಯವಾದ ಕಣ್ಣು ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಅಂಶದ ಅರವತ್ತನೆಯ ಒಂದು ಭಾಗದಷ್ಟು, ಕೋನವನ್ನು ಗುರುತಿಸಬಲ್ಲದು. ಅರವತ್ತು ಸೆಂಟಿಮೀಟರು ದೂರದಲ್ಲಿ ಇದು ೦.೧೭ ಮಿಲಿಮೀಟರಿಗೆ ಸಮ. ಅಂದಮೇಲೆ ಮೇಲೆ ಹೇಳಿದ ಎಲ್ಲ ಪರದೆಗಳ ಬಿಂದುಗಳೂ ಕಣ್ಣಿಗೆ ತಾಗತಕ್ಕವೇ, ಆದರೆ ೦.೨೫ರ ಬಿಂದು ಅಲ್ಪವಾಗಿಯೂ ಟೆಲಿವಿಷನ್ನಿನ ಬಿಂದು ಇಟ್ಟಿಗೆಯಂತೆಯೂ ತೋರುತ್ತದೆ. ಆ ಟೆಲಿವಿಷನ್ನಿನ ಬಿಂದುಗಳು ಒಂದರಲ್ಲೊಂದು ಬೆರೆತು ಕಾಣಬೇಕಾದರೆ ಸುಮಾರು ಆರು ಅಡಿ ಹಿಂದೆ ಸರಿಯಬೇಕು. ಸಿನಿಮಾ ನೋಡಲು ಅದು ಸರಿಯಾದ ದೂರ, ಓದಲು ಅಲ್ಲ.

ಇಂಗ್ಲಿಷ್ ಓದುವವನಿಗಿಂತ ಕನ್ನಡ ಓದುವವನಿಗೆ ಇದು ಹೆಚ್ಚು ಮುಖ್ಯ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಅಡಿಯ ಒಂದು ಸಣ್ಣ ಗೀಟು. ಧಕಾರಕ್ಕೂ ಥಕಾರಕ್ಕೂ ಇರುವ ಭೇದ ಒಡಲೊಳಗಿನ ಒಂದು ಚುಕ್ಕೆ. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಎಂಬ ಪದಗಳಲ್ಲಿ ಒಂದು ಅಕ್ಷರದ ಕೆಳಗೆ ಎರಡು ಒತ್ತುಗಳು ಕಿರಿದಾಗಿ ನೇತುಬಿದ್ದಿರುತ್ತವೆ. ಬಿಂದು ದಪ್ಪವಾದಲ್ಲಿ ಈ ಒತ್ತುಗಳು ಮಸಿಯ ಕಲೆಯಂತೆ ಕೂಡಿಕೊಳ್ಳುತ್ತವೆ. ಓದುವವನು ಅಕ್ಷರವನ್ನು ಕಾಣದೆ ಊಹಿಸತೊಡಗುತ್ತಾನೆ. ಆದುದರಿಂದ ಅಂಗಡಿಯವರು ತೋರಿಸುವ ಹೂವು, ಜಲಪಾತಗಳ ಚಿತ್ರಗಳನ್ನು ಬದಿಗಿಟ್ಟು, ಕನ್ನಡದ ಒಂದು ಪುಟವನ್ನು ತೆರೆಸಿ, ಒಂದು ತೋಳಳತೆ ದೂರದಿಂದ ಓದಿನೋಡಬೇಕು. ಮುಂದೆ ಮನೆಯಲ್ಲಿ ಅಕ್ಷರ ಚಿಕ್ಕದೆನಿಸಿದರೆ ಬಿಂದುಗಳ ಸಂಖ್ಯೆಯನ್ನು ಇಳಿಸಬಾರದು, ಆಗ ಎಲ್ಲವೂ ಮಸುಕಾಗುತ್ತದೆ. ಅಕ್ಷರದ ಗಾತ್ರವನ್ನು ಹಿಗ್ಗಿಸಬೇಕು.

ಹೆಚ್ಚಿನ ಬೆಲೆ ಕೊಡಬೇಕಾದುದು, ಬೇಡವಾದುದು

ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುವುದೆಂಬುದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. ಓದುಬರಹಕ್ಕೆ ೬೦ ಸಾಕು. ಅದೇ ಬೆಲೆಯಲ್ಲಿ ೭೫ ಅಥವಾ ೧೦೦ ದೊರೆತರೆ ಒಳ್ಳೆಯದು, ಆದರೆ ಅದಕ್ಕಾಗಿಯೇ ಹೆಚ್ಚು ತೆರಬೇಕಾಗಿಲ್ಲ. ‘ಒಂದು ಮಿಲಿಸೆಕೆಂಡು’ ಎಂಬ ಬರಹ ವೇಗದ ಆಟಗಳನ್ನು ಆಡುವವರಿಗೆ ಸಂಬಂಧಿಸಿದುದು.

ಸಂಪರ್ಕದ ರಂಧ್ರಗಳನ್ನು ಮಾತ್ರ ತಪ್ಪದೆ ನೋಡಬೇಕು. ಹಳೆಯ ಕಂಪ್ಯೂಟರಿನಲ್ಲಿ ವಿ.ಜಿ.ಎ. ಮಾತ್ರ ಇದ್ದು ಹೊಸ ಮಾನಿಟರಿನಲ್ಲಿ ಎಚ್.ಡಿ.ಎಂ.ಐ. ಮಾತ್ರ ಇದ್ದರೆ ಬರಿಯ ತಂತಿಯಿಂದ ಜೋಡಣೆಯಾಗದು. ಸಂಕೇತವನ್ನು ಮಾರ್ಪಡಿಸುವ ಬೇರೊಂದು ಉಪಕರಣ ಬೇಕಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಮಾಡೋಣ. ೨೪ ಅಂಗುಲದ ಇಂದಿನ ಮಾನಿಟರು ಸುಮಾರು ೨೦ ವಾಟ್ ಬಳಸುತ್ತದೆ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ ಮೂರು ಯೂನಿಟ್. ೭೫ ವಾಟಿನ ಹಳೆಯ ಗಾಜುಬುರುಡೆಯ ಮಾನಿಟರಾದರೆ ಹನ್ನೊಂದು ಯೂನಿಟ್ ದಾಟುತ್ತದೆ. ಇಲ್ಲಿ ನಮ್ಮ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕಟ್ಟೆಯ ತೂಬನ್ನು ಮುಚ್ಚಿದರೆ ನೀರು ಉಳಿಯುತ್ತದೆ. ಪರದೆಯ ತೂಬನ್ನು ಮುಚ್ಚಿದರೆ ಬೆಳಕು ಉಳಿಯುವುದಿಲ್ಲ, ಒಳಗೇ ಶಾಖವಾಗಿ ನಷ್ಟವಾಗುತ್ತದೆ. ಆದುದರಿಂದ ಪರದೆಯ ಹಿನ್ನೆಲೆಯನ್ನು ಕಪ್ಪಾಗಿಸಿದ ಮಾತ್ರಕ್ಕೆ ವಿದ್ಯುತ್ತು ಹೆಚ್ಚೇನೂ ಉಳಿಯದು. ಹಿಂದಿನ ದೀಪದ ಪ್ರಕಾಶವನ್ನೇ ಕೋಣೆಯ ಬೆಳಕಿಗೆ ಸರಿದೂಗುವಷ್ಟು ತಗ್ಗಿಸಬೇಕು. ಕಣ್ಣಿಗೂ ಅದೇ ಹಿತ.

ಕಣ್ಣಿನ ಆಯಾಸಕ್ಕೆ ಪರದೆಯ ನೀಲಿ ಬೆಳಕೇ ಕಾರಣವೆಂದು ಹೇಳಿ ವಿಶೇಷ ಕನ್ನಡಕಗಳನ್ನು ಮಾರುವುದುಂಟು. ಹಗಲಿನ ಆಕಾಶದಿಂದ ಬರುವ ನೀಲಿ ಬೆಳಕಿನ ಮುಂದೆ ಪರದೆಯದು ಅತ್ಯಲ್ಪ. ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದೂ, ಒಂದೇ ಸಮೀಪಕ್ಕೆ ಕಣ್ಣಿನ ಸ್ನಾಯು ಬಿಗಿದಿರುವುದೂ ಆಯಾಸಕ್ಕೆ ಮುಖ್ಯ ಕಾರಣಗಳು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಯ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸಕ್ಕೆ ಕಾಸು ಖರ್ಚಿಲ್ಲ.

ಹಳೆಯದನ್ನು ಕೊಳ್ಳಬಹುದೆ?

ಕೈಯಲ್ಲಿರುವುದು ಹತ್ತು ಸಾವಿರವಲ್ಲ, ಅದರ ಮೂರರಲ್ಲೊಂದು ಪಾಲು ಎಂದಾದರೆ ನಿರಾಶರಾಗಬೇಕಾಗಿಲ್ಲ. ಕಛೇರಿಗಳು ಬದಲಾಯಿಸಿದ ಮಾನಿಟರುಗಳು ಮೈಸೂರಿನ ಅಂಗಡಿಗಳಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಸಿಗುತ್ತವೆ. ೧೨೮೦ಕ್ಕೆ ೧೦೨೪ ಬಿಂದುಗಳುಳ್ಳ ೧೭ ಅಂಗುಲದ ಹಳೆಯ ಪರದೆಯ ಬಿಂದು ೦.೨೬ ಮಿಲಿಮೀಟರಿನದು, ಓದಲು ಹೊಸ ೨೭ ಅಂಗುಲದ್ದಕ್ಕಿಂತ ಅದೇ ಮೇಲು. ಆದರೆ ಕೊಳವೆದೀಪದ ಕಾಲದ್ದನ್ನು ಬಿಡುವುದು ಒಳ್ಳೆಯದು. ಆ ದೀಪಗಳು ಮಂಕಾಗಿ ಹಳದಿಯಾಗಿರುತ್ತವೆ, ವಿದ್ಯುತ್ತನ್ನೂ ಹೆಚ್ಚು ಬಳಸುತ್ತವೆ. ಬಿಳಿಯ ಪುಟವೊಂದನ್ನು ಪರದೆ ತುಂಬ ತೆರೆದು ಅರ್ಧ ಗಂಟೆ ಉರಿಯಬಿಟ್ಟರೆ ಹಳದಿ, ಕಲೆ, ಮಿನುಗು ಎಲ್ಲವೂ ಹೊರಬೀಳುತ್ತವೆ.

ಹೊಸದಾದರೂ ಪರೀಕ್ಷೆ ಬಿಡಬಾರದು. ಅರುವತ್ತೆರಡು ಲಕ್ಷ ತೂಬುಗಳಲ್ಲಿ ಒಂದೆರಡು ಕೆಟ್ಟಿದ್ದರೆ ಅದನ್ನು ದೋಷವೆಂದು ತಯಾರಕರು ಒಪ್ಪದಿರಬಹುದು. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ತುಂಬಿಸಿ ನೋಡಿದರೆ ಕೆಟ್ಟ ತೂಬು ಚುಕ್ಕೆಯಾಗಿ ಕಾಣುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಇದನ್ನು ಮಾಡಬೇಕು. ದುರಸ್ತಿಯ ಕೇಂದ್ರ ಮಂಡ್ಯದಲ್ಲಿಯೋ ಮೈಸೂರಿನಲ್ಲಿಯೋ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಮೂರು ವರ್ಷದ ಭರವಸೆ ಪತ್ರವಿದ್ದು ಕೇಂದ್ರ ಮುನ್ನೂರು ಮೈಲಿ ದೂರವಿದ್ದರೆ ಆ ಪತ್ರದ ಬೆಲೆ ಅಷ್ಟಕ್ಕಷ್ಟೆ.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡರೆ ಸಾಕು: ಅಳತೆ ೨೧.೫ರಿಂದ ೨೪ ಅಂಗುಲ, ಬಿಂದುಗಳು ೧೯೨೦ಕ್ಕೆ ೧೦೮೦, ಬಗೆ ಐ.ಪಿ.ಎಸ್.; ಮೈ ಹೊಳಪಿಲ್ಲದ್ದು; ನಮ್ಮ ಕಂಪ್ಯೂಟರಿಗೆ ಹೊಂದುವ ರಂಧ್ರ; ಹತ್ತಿರದ ದುರಸ್ತಿ ಕೇಂದ್ರ. ಇವು ಆರೂ ಕೂಡಿಬಂದಮೇಲೆ ಎರಡು ಮಾನಿಟರುಗಳ ನಡುವೆ ಸಂದೇಹ ಉಳಿದರೆ, ಕಡಿಮೆ ಬೆಲೆಯದನ್ನೇ ನಿಶ್ಚಿಂತೆಯಿಂದ ಆರಿಸಬಹುದು. ಉಳಿದ ಹಣಕ್ಕೆ ಬೆನ್ನಿಗೆ ಆಸರೆಯಾಗುವ ಒಂದು ಕುರ್ಚಿ ಬಂದರೆ, ಓದುವ ಮಗುವಿಗೆ ಅದು ಪರದೆಯಷ್ಟೇ ಉಪಕಾರಿ.