ಕರಾವಳಿಯ ಜೈನ ಕ್ಷೇತ್ರಗಳು: ಯಾತ್ರೆಗೆ ಮುನ್ನ ತಿಳಿದಿರಬೇಕಾದದ್ದು

ನಮ್ಮ ನರೇಗಲ್ಲಿನ ಸುತ್ತ ಎರೆಭೂಮಿ, ಜೋಳ, ಕಡಲೆ. ಇಲ್ಲಿಂದ ಹೊರಟು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಬೇರೆಯೇ ನಾಡು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳ ಕರಾವಳಿ ಸುಮಾರು 300 ಕಿ.ಮೀ. ಉದ್ದವಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ನಮ್ಮ ಬಸದಿಗಳು ಹೆಚ್ಚಾಗಿ ಇವೆರಡರ ನಡುವೆ ಇವೆ.

ಇಷ್ಟೊಂದು ಬಸದಿಗಳು ಇಲ್ಲೇಕೆ? ಘಟ್ಟದ ಮಳೆಗೆ ಕಾಳುಮೆಣಸು ಬೆಳೆಯಿತು, ನದಿಗಳು ಅದನ್ನು ಬಂದರಿಗೆ ಒಯ್ದವು, ವ್ಯಾಪಾರ ಬೆಳೆಯಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅರಸರ ಜೊತೆಗೆ ವರ್ತಕರ ದಾನವೂ ಬಸದಿಗಳಿಗೆ ಸಂದಿತು. ಅದೇ ಮಳೆಯ ಕಾರಣಕ್ಕೆ ಇಲ್ಲಿನ ಬಸದಿಗಳ ಮಾಡು ಇಳಿಜಾರಾಗಿದೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನೇ ಹೊಂದಿಸಿದ್ದ ಯಾತ್ರೆಯಲ್ಲಿ ಮಕ್ಕಳ ಆಸೆಗೆ ಮರವಂತೆಯ ದಂಡೆಯಲ್ಲಿ ಬಹಳ ಹೊತ್ತು ನಿಂತೆವು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಹೊರಡಲು ಯಾರಿಗೂ ಮನಸ್ಸಾಗಲಿಲ್ಲ. ವರಂಗ ಮುಟ್ಟುವಾಗ ಕತ್ತಲಾಗಿತ್ತು. ಅಲ್ಲಿನ ಕೆರೆ ಬಸದಿ ನೀರಿನ ನಡುವೆ ಇದೆ, ದೋಣಿಯಲ್ಲೇ ಹೋಗಬೇಕು. ದೋಣಿ ನಿಂತಿತ್ತು. ನಮ್ಮ ಜೊತೆಗಿದ್ದ ವಯಸ್ಸಾದ ಅಜ್ಜಿಯವರು ದಂಡೆಯಿಂದಲೇ ಕೈಮುಗಿದರು. ಊಟದ ಹೊತ್ತೂ ಮೀರಿತ್ತು, ಆ ರಾತ್ರಿ ಉಪವಾಸವೇ ಮಲಗಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮತ್ತೆ ಬರುವ ಯೋಗ ಅವರಿಗೆ ಕೂಡಿಬರಲಿಲ್ಲ.

ಆದ್ದರಿಂದ ಈಗ ನಾನು ಹೀಗೆ ಯೋಜಿಸುತ್ತೇನೆ:

ಮೊದಲ ದಿನ: ಹುಬ್ಬಳ್ಳಿ, ಅಂಕೋಲಾ ಮಾರ್ಗವಾಗಿ ಹೊನ್ನಾವರ. ಇದು ಪ್ರಯಾಣದ ದಿನ. ಸಮುದ್ರ ನೋಡುವುದಿದ್ದರೆ ಅಂದೇ.

ಎರಡನೇ ದಿನ: ಬೆಳಿಗ್ಗೆ ಶರಾವತಿ ಕಣಿವೆಯ ಕಾಡಿನೊಳಗಿನ ಗೇರುಸೊಪ್ಪೆಯ ಚತುರ್ಮುಖ ಬಸದಿ. ನಂತರ ಕಾರ್ಕಳಕ್ಕೆ ಪ್ರಯಾಣ.

ಮೂರನೇ ದಿನ: ಬೆಳಿಗ್ಗೆಯೇ ವರಂಗ. ಆಮೇಲೆ ಕಾರ್ಕಳದಲ್ಲಿ 1432ರಲ್ಲಿ ಸ್ಥಾಪನೆಯಾದ 42 ಅಡಿಯ ಬಾಹುಬಲಿ ಮತ್ತು 1586ರ ಚತುರ್ಮುಖ ಬಸದಿ. ಬಂಡೆ ಬಿಸಿಲಿಗೆ ಕಾಯುತ್ತದೆ; ಹಿರಿಯರನ್ನು ಇಳಿಹೊತ್ತಿಗೆ ಹತ್ತಿಸಿ.

ನಾಲ್ಕನೇ ದಿನ: ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಫಲ್ಗುಣಿ ನದಿಯ ಬಳಿ ವೇಣೂರಿನ 1604ರ 35 ಅಡಿಯ ಬಾಹುಬಲಿ, ಕೊನೆಗೆ ಧರ್ಮಸ್ಥಳ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರೊಂದಿಗೆ ಹೋಗಬೇಡಿ. ಆಗ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಘಟ್ಟದಲ್ಲಿ ಮಣ್ಣು ಕುಸಿಯುವುದುಂಟು. ಡಿಸೆಂಬರ್, ಜನವರಿ ಅನುಕೂಲ. ಆದರೆ ಹಗಲು ಚಿಕ್ಕದು. ಸಂಜೆ 5 ಗಂಟೆಯೊಳಗೆ ಊಟ ಮುಗಿಯುವಂತೆ ಮೊದಲೇ ಫೋನ್ ಮಾಡಿ ಹೇಳಿಡಿ. ಸೋಸಿದ ನೀರು ಜೊತೆಗಿರಲಿ.

ಸಮುದ್ರ ಮಕ್ಕಳಿಗಾಗಿ ಇನ್ನೊಮ್ಮೆಯೂ ಕಾದಿರುತ್ತದೆ. ಹಿರಿಯರಿಗೆ ಇನ್ನೊಮ್ಮೆ ಎಂಬುದು ಇಲ್ಲದಿರಬಹುದು. ದರ್ಶನ ಮೊದಲಾಗಲಿ.